ಬಂಗಾರವ್ವನ ಹಾಲು

ಇಲಿಯ ಹಾಲು ಕರೆಯುವುದು ನನ್ನ ಕೆಲಸ ಎಂದರೆ ಬಸ್ಸಿನಲ್ಲಿ ಪಕ್ಕ ಕೂತವರು ಮೊದಲು ನಗುತ್ತಾರೆ, ಆಮೇಲೆ ತುಸು ಸರಿದು ಕೂರುತ್ತಾರೆ. ನಗಲಿ ಬಿಡಿ. ಧಾರವಾಡದ ಹೊರಗಿರುವ ನಮ್ಮ ಸಂಶೋಧನಾಲಯದ ಪ್ರಾಣಿಮನೆಯಲ್ಲಿ ಇಪ್ಪತ್ತಾರು ವರ್ಷ ಇಲಿಗಳ ಹೊಲಸು ಬಳಿದವಳು ನಾನು. ಹೆಸರು ಚೆನ್ನಬಸವ್ವ ಅಂಗಡಿ, ಎಲ್ಲರೂ ಕರೆಯುವುದು ಚೆನ್ನಕ್ಕ. ಸೂಪರ್‌ವೈಸರ್ ಅಂತ ಮಾಡಿ ಬಿಳಿ ಕೋಟು ಹಾಕಿಸಿದ್ದಾರೆ. ಕೋಟಿನ ಒಳಗಿರುವವಳು ಮಾತ್ರ ಅದೇ ಹೆಂಗಸು.

ಹಾಲು ಕರೆಯುವುದು ಹೀಗೆ. ಮರಿಗಳನ್ನು ಎರಡು ತಾಸು ತಾಯಿಯಿಂದ ಬೇರೆ ಇಡಬೇಕು. ಆಮೇಲೆ ತಾಯಿಯನ್ನು ಎಡ ಅಂಗೈಯಲ್ಲಿ ಅಂಗಾತ ಹಿಡಿದು, ಕಡ್ಡಿಯಷ್ಟು ಸಣ್ಣ ನಳಿಕೆಯನ್ನು ಮೊಲೆಗೆ ಹಚ್ಚಿ, ಪಂಪನ್ನು ಮೆಲ್ಲಗೆ ಬಿಡಬೇಕು. ಜೋರು ಬಿಟ್ಟರೆ ರಕ್ತ ಬರುತ್ತದೆ, ಹೆದರಿಸಿದರೆ ಹಾಲು ಇಳಿಯುವುದಿಲ್ಲ. ಹತ್ತು ಹನಿ ಬಂದರೆ ಅವತ್ತು ಹಬ್ಬ. ನನ್ನ ಕೈಗೆ ಹನ್ನೆರಡು ಬರುತ್ತಿತ್ತು ಅಂತ ಹೇಳಿಕೊಳ್ಳಲು ನನಗೇನೂ ಸಂಕೋಚವಿಲ್ಲ.

ಆ ಹಾಲಿನ ಮೇಲೆ ನಲವತ್ತೊಂದು ಮಕ್ಕಳ ಉಸಿರು ನಿಂತಿತ್ತು. ಈ ಮಕ್ಕಳ ಮೈಯಲ್ಲಿ ಒಂದು ಪ್ರೋಟೀನು ಹುಟ್ಟುವುದೇ ಇಲ್ಲ. ಅದಿಲ್ಲದೆ ಹೋದರೆ ಸ್ನಾಯುಗಳು ಒಂದೊಂದಾಗಿ ಸೋಲುತ್ತವೆ. ಮೊದಲು ಕಾಲು, ಆಮೇಲೆ ಕತ್ತು, ಕೊನೆಗೆ ಉಸಿರೆಳೆಯುವ ಎದೆ. ಆ ಪ್ರೋಟೀನು ಮಾಡುವ ಮನುಷ್ಯರ ಜೀನನ್ನು ವಿಜ್ಞಾನಿಗಳು ಆಡಿನೊಳಗೆ ಸೇರಿಸಿ ನೋಡಿದರು, ಹಸುವಿನೊಳಗೆ ಸೇರಿಸಿ ನೋಡಿದರು, ಹಿಡಿಯಲಿಲ್ಲ. ಹಿಡಿದದ್ದು ನಮ್ಮ ಬಿಳಿ ಇಲಿಗಳಲ್ಲಿ ಮಾತ್ರ, ಅದೂ ಹಾಲಿನಲ್ಲಿ. ಹಾಲಿನಿಂದ ಅದನ್ನು ಸೋಸಿ ತೆಗೆದು ವಾರಕ್ಕೊಂದು ಸೂಜಿ ಹಾಕುತ್ತಾರೆ. ವಾರ್ಡಿನ ತಾಯಂದಿರು ಅದಕ್ಕೆ ಇಟ್ಟ ಹೆಸರು ‘ಹನಿ’. ಮೂರು ವಾರ ಹನಿ ತಪ್ಪಿದರೆ ಮಗು ಉಸಿರಿನ ಯಂತ್ರಕ್ಕೆ ಹೋಗುತ್ತದೆ. ಹಾಗೆ ಹೋದ ಮಕ್ಕಳಲ್ಲಿ ಯಾವುದೂ ನಡೆದುಕೊಂಡು ಮನೆಗೆ ಬಂದದ್ದನ್ನು ನಾನು ನೋಡಿಲ್ಲ.

ಆ ನಲವತ್ತೊಂದರಲ್ಲಿ ಒಬ್ಬಳು ನನ್ನ ಮೊಮ್ಮಗಳು ಶಾಲ್ಮಲಾ. ಏಳು ವರ್ಷ. ನಮ್ಮೂರ ಹೊಳೆಯ ಹೆಸರಿಟ್ಟವಳು ನಾನೇ.

ಗಂಟು ಸಿಕ್ಕಿದ್ದು ಒಂದು ಸೋಮವಾರ ಬೆಳಿಗ್ಗೆ. ನೂರಾ ಹದಿನೆಂಟನೇ ಪಂಜರದ ತಾಯಿಯನ್ನು ಅಂಗೈಗೆ ತೆಗೆದುಕೊಂಡಾಗ ಮುಂಗಾಲಿನ ಸಂದಿಯಲ್ಲಿ ಜೋಳದ ಕಾಳಿನಷ್ಟು ಗಟ್ಟಿಯಾದದ್ದು ಬೆರಳಿಗೆ ಸಿಕ್ಕಿತು. ಹಾಲು ಕಟ್ಟಿಕೊಂಡಿರಬೇಕು ಅಂದುಕೊಂಡೆ. ಗುರುವಾರದ ಹೊತ್ತಿಗೆ ಅದು ಅವರೆಕಾಳಿನಷ್ಟಾಗಿತ್ತು. ಅಷ್ಟರಲ್ಲಿ ಬೇರೆ ಬೇರೆ ಸಾಲುಗಳ ಇನ್ನೂ ಎಂಟು ಪಂಜರಗಳಲ್ಲಿ ಗಂಟುಗಳು ಸಿಕ್ಕಿದ್ದವು. ಒಂಬತ್ತನ್ನೂ ಡಬ್ಬಿಯಲ್ಲಿ ಹಾಕಿಕೊಂಡು ನಫೀಸಾ ಮೇಡಮ್ಮರ ಲ್ಯಾಬಿಗೆ ಹೋದೆ.

ಡಾಕ್ಟರ್ ನಫೀಸಾ ಬಳಿಗಾರ ನಮ್ಮ ವಿಭಾಗದ ಮುಖ್ಯಸ್ಥೆ. ನನಗಿಂತ ಹದಿನೈದು ವರ್ಷ ಚಿಕ್ಕವರು, ಕೆಲಸದಲ್ಲಿ ಬಲು ಕಟ್ಟುನಿಟ್ಟು, ಚಹಾ ಕುಡಿಯುವಾಗ ಮಾತ್ರ ಮನುಷ್ಯರು. ಮುಂದಿನ ಬುಧವಾರ ನನ್ನನ್ನು ಕರೆಸಿ ಸೂಕ್ಷ್ಮದರ್ಶಕದ ಮುಂದೆ ಕೂರಿಸಿದರು.

“ನೋಡ್ರಿ ಚೆನ್ನಕ್ಕ. ಹಾಲಿನ ಗ್ರಂಥಿ ಕ್ಯಾನ್ಸರ್ ಇದು. ಒಂಬತ್ತರಾಗೂ ಒಂದ ನಮೂನಿ ಐತಿ.”

ನನಗೆ ಕಂಡದ್ದು ನೇರಳೆ ಬಣ್ಣದ ಚುಕ್ಕಿಗಳ ರಾಶಿ ಅಷ್ಟೇ. “ವಯಸ್ಸಾದ ಇಲಿಗೆ ಬರತೈತಲ್ರಿ ಮೇಡಮ್,” ಅಂದೆ.

“ಇವು ಎಂಟು ತಿಂಗಳಿನವು. ಇದರ ಹಿಂದ ವೈರಸ್ ಐತಿ. ಅದು ಗಾಳ್ಯಾಗ ಬರೂದಿಲ್ಲ, ನೀರಾಗ ಬರೂದಿಲ್ಲ. ತಾಯಿ ಹಾಲಿನಾಗಿಂದ ಮರಿ ಹೊಟ್ಟಿಗೆ ಹೋಗತೈತಿ. ಮರಿ ಬೆಳದು ತಾನ ಹಡದಾಗ ಅದರ ಹಾಲಿಗೂ ಬರತೈತಿ. ಹಿಂಗ ತಾಯಿಯಿಂದ ಮಗಳಿಗೆ.”

“ಹಂಗಾದ್ರ ಟೆಸ್ಟ್ ಮಾಡಿ, ಇದ್ದದ್ದು ತಗದುಹಾಕಿದ್ರಾತು.”

“ಅಲ್ಲೇ ಐತಿ ತ್ರಾಸು. ಈ ವೈರಸ್ಸಿನ ಹಳೇ ತುಣುಕು ಎಲ್ಲಾ ಇಲಿ ಜೀನಿನೊಳಗ ಹುಟ್ಟತಾನ ಇರತೈತಿ, ನಿರುಪದ್ರವಿ. ಹೊಸಾದು ಯಾವುದು, ಹಳೇದು ಯಾವುದು ಅಂತ ಟೆಸ್ಟಿಗೆ ಗೊತ್ತಾಗೂದಿಲ್ಲ. ಮಾಡಿದ್ರ ಎಲ್ಲಾವೂ ಪಾಸಿಟಿವ್ ಬರತಾವು.” ಅವರು ಕನ್ನಡಕ ತೆಗೆದು ಕಣ್ಣೊತ್ತಿಕೊಂಡರು. “ನನಗ ಬಗೀಹರಿಯದ್ದು ಒಂದ. ನಮ್ಮ ಹಾಲಿನ ಮನಿ ಇಲಿಗೋಳೆಲ್ಲಾ ಸ್ವಚ್ಛ ತಾಯಂದಿರ ಸಂತತಿ. ಈ ವೈರಸ್ ಇರೂದು ಒಂದನೇ ಖೋಲಿ ಇಲಿಗೋಳೊಳಗ. ನಡುವ ಗ್ವಾಡಿ ಐತಿ, ಎರಡು ಬಾಗಲಾ ಅದಾವು. ಇತ್ಲಾಗ ಹೆಂಗ ಬಂತು?”

ಒಂದನೇ ಖೋಲಿಯಲ್ಲಿ ಕ್ಯಾನ್ಸರ್ ಅಧ್ಯಯನಕ್ಕೆಂದೇ ಸಾಕಿದ ಹಳೆಯ ತಳಿಯಿತ್ತು. ಎರಡನೆಯದು ನಮ್ಮ ಹಾಲಿನ ಮನೆ. ಹೆಂಗ ಬಂತು ಅಂತ ಅವರು ಕೇಳಿದ್ದಕ್ಕೆ ಗೊತ್ತಿಲ್ರಿ ಅಂದು ಎದ್ದು ಬಂದೆ. ಗೊತ್ತಿತ್ತು.

ಎರಡು ವರ್ಷದ ಹಿಂದೆ ಏಪ್ರಿಲ್‌ನಲ್ಲಿ ಹಾಲಿನ ಮನೆಯ ಏಸಿ ಕೆಟ್ಟು ಒಂದೇ ಮಧ್ಯಾಹ್ನಕ್ಕೆ ಹದಿನಾರು ತಾಯಂದಿರು ಸತ್ತವು. ಮರಿಗಳು ಉಳಿದವು. ಕೆಂಪಗೆ, ಕಣ್ಣು ಬಿಡದೆ, ಕಡಲೆಬೀಜದಂತೆ ಒಂದರ ಮೇಲೊಂದು ಬಿದ್ದು ಬಾಯಿ ತೆರೆಯುತ್ತಿದ್ದವು. ತಬ್ಬಲಿ ಮರಿಗಳನ್ನು ಗ್ಯಾಸಿನ ಡಬ್ಬಿಗೆ ಹಾಕಿ ಲೆಕ್ಕದಿಂದ ತೆಗೆಯಬೇಕು, ಅದು ನಿಯಮ. ನಾನು ಹಾಕಲಿಲ್ಲ. ಪ್ರಾಣಿಮನೆಯ ಹೆಂಗಸರಲ್ಲಿ ಮೊದಲಿನಿಂದ ಒಂದು ರೂಢಿಯಿದೆ, ಯಾವ ಪುಸ್ತಕದಲ್ಲೂ ಅದು ಇಲ್ಲ. ತಬ್ಬಲಿ ಮರಿಗಳನ್ನು ಬೇರೆ ಬಾಣಂತಿ ಇಲಿಯ ಪಂಜರಕ್ಕೆ ಹಾಸಿದ ಹೊಟ್ಟಿನಲ್ಲಿ ಚೆನ್ನಾಗಿ ಉಜ್ಜಿ, ಅದರದೇ ವಾಸನೆ ಹತ್ತಿಸಿ, ಅದರ ಮರಿಗಳ ನಡುವೆ ಇಟ್ಟುಬಿಡುವುದು. ಒಪ್ಪಿಕೊಂಡರೆ ಬದುಕಿದವು.

ನನ್ನನ್ನೂ ಬದುಕಿಸಿದ್ದು ಇಂಥದ್ದೇ. ನನ್ನನ್ನು ಹಡೆದು ಅವ್ವ ಸನ್ನಿ ಹಿಡಿದು ಮಲಗಿದಾಗ ಪಕ್ಕದ ಮನೆಯ ಹುಸೇನಬಿ ತನ್ನ ಮಗನ ಜೊತೆಗೆ ನನಗೂ ಎಂಟು ತಿಂಗಳು ಹಾಲು ಕುಡಿಸಿದಳು. ಆಕೆಯನ್ನು ನಾನು ಕೊನೆತನಕ ಅವ್ವ ಎಂದೇ ಕರೆದೆ. ಹಸಿದ ಬಾಯಿ ಮುಂದೆ ಬಂದರೆ ಯಾರ ಕೂಸು ಎಂದು ಕೇಳಬಾರದು ಅಂತ ನನ್ನ ಮೈಗೇ ಗೊತ್ತಿತ್ತು.

ಆ ಮಧ್ಯಾಹ್ನ ಹಾಲಿನ ಮನೆಯಲ್ಲಿ ಉಳಿದ ತಾಯಂದಿರು ಬಿಸಿಲಿಗೆ ಬಸವಳಿದು ತಮ್ಮ ಮರಿಗಳನ್ನೇ ದೂಡುತ್ತಿದ್ದವು. ಒಂದನೇ ಖೋಲಿಯಲ್ಲಿ ಒಬ್ಬಳು ಬಾಣಂತಿಯಿದ್ದಳು. ದೊಡ್ಡ ಮೈ, ಶಾಂತ ಸ್ವಭಾವ, ಯಾರ ಮರಿ ಇಟ್ಟರೂ ಮೂಸಿ ನೋಡಿ ಮಗ್ಗುಲಿಗೆ ಎಳೆದುಕೊಳ್ಳುತ್ತಿದ್ದಳು. ಅವಳಿಗೆ ನಾನು ಇಟ್ಟಿದ್ದ ಹೆಸರು ಬಂಗಾರವ್ವ. ಅವಳನ್ನು ಕೋಟಿನ ಜೇಬಿನಲ್ಲಿ ಹಾಕಿಕೊಂಡು ಎರಡೂ ಬಾಗಿಲು ದಾಟಿದೆ. ಮೂರು ವಾರ ಅವಳು ತಂಡ ತಂಡವಾಗಿ ಮರಿಗಳಿಗೆ ಹಾಲು ಕೊಟ್ಟಳು. ಆ ಮರಿಗಳು ಬೆಳೆದು ಹಡೆದವು, ಅವೂ ತಾಯಿಯಂತೆ ಶಾಂತ. ಆಮೇಲೆ ತಬ್ಬಲಿಗಳಾದಾಗೆಲ್ಲ ನಾನು ಅವುಗಳ ಹತ್ತಿರವೇ ಇಟ್ಟೆ. ಒಂದನ್ನೂ ರಿಜಿಸ್ಟರಿನಲ್ಲಿ ಬರೆಯಲಿಲ್ಲ. ಬರೆದರೆ ನಿಯಮ ಮುರಿದದ್ದು ಗೊತ್ತಾಗುತ್ತಿತ್ತು. ಬಂಗಾರವ್ವನ ಎದೆಯಲ್ಲಿ ಒಂದು ಗಂಟು ಬಂದಾಗ ಮುದಿತನ ಅಂದುಕೊಂಡೆ. ಸತ್ತಾಗ ಪ್ರಾಣಿಮನೆಯ ಹಿಂದಿನ ಹೊಂಗೆ ಗಿಡದ ಬುಡದಲ್ಲಿ ಹೂಳಿದೆ. ಅದೂ ನಿಯಮಕ್ಕೆ ವಿರುದ್ಧವೇ.

ಮೇಡಮ್ ಕೇಳಿದ ಮರುದಿನ ಗುರುವಾರ, ಮನೆಯಲ್ಲಿ ಶಾಲೂಗೆ ಸೂಜಿಯ ದಿನ. ನನ್ನ ಮಗಳು ಕಸ್ತೂರಿ ಅಂಚೆ ಕಚೇರಿಯ ಕೌಂಟರಿನಲ್ಲಿ ಕೆಲಸ ಮಾಡುತ್ತಾಳೆ. ಗಂಡ ತೀರಿಕೊಂಡ ಮೇಲೆ ಮಗಳನ್ನು ಕರೆದುಕೊಂಡು ನನ್ನ ಜೊತೆಗೇ ಇದ್ದಾಳೆ. ಸೂಜಿಗೆ ಮೊದಲು ಅವಳು ಮಗುವನ್ನು ತೂಕದ ಯಂತ್ರದ ಮೇಲೆ ನಿಲ್ಲಿಸುತ್ತಾಳೆ. ತೂಕ ಏರಿದರೆ ಸ್ನಾಯು ತುಂಬುತ್ತಿದೆ ಎಂದರ್ಥ. ಅವತ್ತು ಹತ್ತೊಂಬತ್ತು ಕಿಲೋ ತೋರಿಸಿತು. ಕಸ್ತೂರಿಯ ಮುಖ ನೋಡಬೇಕಿತ್ತು, ಮಗುವಿನ ದೃಷ್ಟಿ ತೆಗೆದು ಬಾಯಿಗೆ ಸಕ್ಕರೆ ಹಾಕಿದಳು.

“ಆಯಿ, ಇವತ್ತ ಯಾರ್ದು?” ಶಾಲೂ ತೊಡೆ ಮುಂದೆ ಮಾಡಿ ಕೇಳಿದಳು. ಆಯಿ ಎಂದರೆ ನಾನು, ಅಜ್ಜಿ. ಪ್ರತಿ ವಾರ ಅದೇ ಪ್ರಶ್ನೆ, ಯಾವ ಇಲಿ ಹಾಲು ಕೊಟ್ಟಿದೆ ಅಂತ. ಆಗ ಎಲ್ಲ ಇಲಿಗಳ ಹಾಲೂ ಒಂದೇ ಪಾತ್ರೆಗೆ ಬೀಳುತ್ತಿತ್ತು, ಯಾರದೆಂದು ಹೇಳುವುದು. ನಾನು ಒಂದೊಂದು ವಾರ ಒಂದೊಂದು ಹೆಸರು ಹೊಸೆಯುತ್ತಿದ್ದೆ.

“ಜೋಗವ್ವಂದು. ಭಾಳ ಜಗಳಗಂಟಿ. ನನ್ನ ಬೆರಳ ಕಚ್ಚಿ ಕೊಟ್ಟಾಳ.”

ಮಗು ನಕ್ಕಿತು. ನಾನು ಸೂಜಿ ಚುಚ್ಚಿದೆ. ಆ ಸೀಸೆಯೊಳಗೆ ಏನಿರಬಹುದು ಎಂದು ತಿಳಿದೂ ಚುಚ್ಚಿದೆ. ಇದನ್ನು ನಾನು ಮುಚ್ಚಿಟ್ಟು ಹೇಳಲಾರೆ.

ಹನ್ನೊಂದು ದಿನ ಬಾಯಿ ಬಿಡಲಿಲ್ಲ. ಮೇಡಮ್ ಕಾಳಿನ ಚೀಲಗಳನ್ನು ಪರೀಕ್ಷೆಗೆ ಕಳಿಸಿದರು, ನೀರನ್ನು ಕಳಿಸಿದರು, ಛಾವಣಿಯ ಸಂದಿಗಳಲ್ಲಿ ಕಾಡಿಲಿ ಹುಡುಕಿಸಿದರು. ಹಾಸಿನ ಹೊಟ್ಟು ತಂದುಕೊಡುತ್ತಿದ್ದ ಮನುಷ್ಯನಿಗೆ ನಾಳೆಯಿಂದ ಬರಬೇಡ ಅಂದರು. ಅವನು ಗೇಟಿನ ಹತ್ತಿರ ನನ್ನನ್ನು ನಿಲ್ಲಿಸಿ, “ಅಕ್ಕಾರ, ನನ್ನ ಮಾಲಿನಾಗ ಏನಾತ್ರಿ?” ಅಂತ ಕೇಳಿದ. ಏನೂ ಇಲ್ಲಪ್ಪಾ, ನೋಡತಾರ ಅಂದೆ. ಆ ದಿನಗಳಲ್ಲಿ ನನ್ನ ತಲೆಯಲ್ಲಿ ಒಂದೇ ಲೆಕ್ಕ ಓಡುತ್ತಿತ್ತು. ಹೇಳಿದರೆ ಹಾಲು ನಿಲ್ಲುತ್ತದೆ, ಹಾಲು ನಿಂತರೆ ಶಾಲೂ ನಿಲ್ಲುತ್ತಾಳೆ. ಗಂಟು ಇಲಿಗೆ ಬಂದಿದೆ, ಮಕ್ಕಳಿಗೆ ಬಂದಿಲ್ಲವಲ್ಲ ಅಂತ ನನಗೆ ನಾನೇ ಹೇಳಿಕೊಂಡೆ. ಹಾಗೆ ಹೇಳಿಕೊಂಡೇ ಇನ್ನೊಂದು ಗುರುವಾರವೂ ಹೋಯಿತು.

ಹನ್ನೆರಡನೇ ದಿನ ಮಧ್ಯಾಹ್ನ ಮೇಡಮ್ ಒಂದು ಹಾಳೆ ಹಿಡಿದು ಹಾಲಿನ ಮನೆಗೆ ಬಂದರು. ಆಗ ಗಂಟಿನ ಇಲಿಗಳು ಮೂವತ್ತೆರಡಾಗಿದ್ದವು.

“ಶುಕ್ರವಾರ ಪೂರಾ ಖೋಲಿ ಖಾಲಿ ಮಾಡೂದು, ಚೆನ್ನಕ್ಕ. ಇನ್ನೂರಾ ಹನ್ನೆರಡೂ ಪಂಜರ. ಯಾವುದು ಸ್ವಚ್ಛ ಅಂತ ಹೇಳಾಕ ಬರೂದಿಲ್ಲಂದ್ರ ಎಲ್ಲಾವೂ ಹೋಗಬೇಕು. ಫ್ರೀಜರಿನಾಗ ಭ್ರೂಣ ಅದಾವು. ಮೊದಲಿಂದ ಶುರು ಮಾಡೋಣು.”

“ಎಷ್ಟು ದಿನಾ ಹಿಡೀತೈತ್ರಿ?”

“ಹಾಲು ಬರಾಕ ನಾಕೂವರಿ ತಿಂಗಳು. ಮಾಡಿಟ್ಟ ಔಷಧದಾಗ ಈ ಮೂರು ವಾರದ್ದು ನಾನ ತಡದೀನಿ, ಅನುಮಾನದ್ದು. ಹಳೇದು ಇರೂದು ಒಂದು ವಾರಕ್ಕಾಗೂವಷ್ಟು.”

“ಹುಡುಗೂರು?”

ಆ ಕಟ್ಟುನಿಟ್ಟಿನ ಹೆಂಗಸು ಪಂಜರದ ಸಾಲಿಗೆ ಒರಗಿ ನಿಂತರು. ನಾಲ್ಕೂವರೆ ತಿಂಗಳು ಎಂದರೆ ನಲವತ್ತೊಂದು ಮಕ್ಕಳೂ ಉಳಿಯುವುದಿಲ್ಲ. ನಾನು ಬಾಯಿ ಮುಚ್ಚಿಕೊಂಡು ಕಾದಿದ್ದಕ್ಕೆ ಸಿಗುವುದು ಅದೇ ಸಾವು, ನನ್ನ ಮನೆಯದೂ ಸೇರಿ. ಆಗ ಹೇಳಿದೆ. ಏಸಿ ಕೆಟ್ಟ ದಿನದಿಂದ ಹೊಂಗೆ ಗಿಡದ ಬುಡದವರೆಗೆ, ಒಂದೂ ಬಿಡದೆ.

ಮೇಡಮ್ ಕೈ ಎತ್ತಲಿಲ್ಲ, ದನಿಯನ್ನೂ ಎತ್ತಲಿಲ್ಲ. “ಹನ್ನೊಂದು ದಿನಾ,” ಅಂದರು. “ಹನ್ನೊಂದು ದಿನಾ ನಾ ಹುಚ್ಚಿಹಂಗ ಅಡ್ಡಾಡೀನಿ. ಆ ಬಡಪಾಯಿ ಹೊಟ್ಟು ತರಾಂವನ ಹೊಟ್ಟಿ ಮ್ಯಾಲ ಹೊಡದೀನಿ. ಎರಡು ಸಲ ಹುಡುಗೂರಿಗೆ ಸೂಜಿ ಹೋಗೈತಿ. ಬಾಯಾಗ ಏನು ಇಟಗೊಂಡಿದ್ರಿ ಚೆನ್ನಕ್ಕ?”

“ಶಾಲೂನ್ನ ಇಟಗೊಂಡಿದ್ದೆ,” ಅಂದೆ.

ಅವರು ಪಂಜರದ ಸಾಲಿನುದ್ದಕ್ಕೂ ಬಾಗಿಲತನಕ ನಡೆದರು. ಆಮೇಲೆ ಏನೋ ನೆನಪಾದವರಂತೆ ತಿರುಗಿದರು.

“ನಮ್ಮ ಅಮ್ಮೀಗೆ ಓಣ್ಯಾಗ ಯಾರು ಯಾರ ಹಾಲು ಕುಡದಾರ ಅನ್ನೂದು ಬಾಯಿಪಾಠ ಇತ್ತು. ನಮ್ಮಲ್ಲಿ ಒಬ್ಬಾಕಿ ಹಾಲು ಕುಡದವರು ಅಣ್ಣತಂಗಿ ಆಗತಾರ, ಲಗ್ನ ಆಗೂಹಂಗಿಲ್ಲ. ಅದಕ್ಕ ಹಿರೇ ಹೆಂಗಸರು ನೆನಪಿನಾಗ ಇಟ್ಟಿರತಾರ, ಬರದಿಡೂದಿಲ್ಲ. ನಿಮಗ ನೆನಪೈತೇನ್ರಿ? ಯಾವ ಮರಿ ಯಾರ ಮಗ್ಗಲಿಗೆ ಇಟ್ಟಿದ್ರಿ ಅಂತ?”

ನನಗೆ ಅಂಗಡಿಯಿಂದ ಏನು ತರಬೇಕೆಂಬುದು ನೆನಪಿರುವುದಿಲ್ಲ. ಆದರೆ ಮರಿಗಳು ನೆನಪಿದ್ದವು. ಯಾವ ಪಂಜರದ ಮೂರು, ಯಾವುದರ ಐದು, ಯಾರು ಒಪ್ಪಿದಳು, ಯಾರು ಕಚ್ಚಿ ಕೊಂದಳು. ಎರಡು ಹಗಲು ಮೇಡಮ್ಮರ ಮೇಜಿನ ಮುಂದೆ ಕೂತು ಹೇಳಿದೆ. ಅವರು ಹಳೆಯ ಕ್ಯಾಲೆಂಡರಿನ ಹಾಳೆಗಳನ್ನು ಹಿಂದುಮುಂದಾಗಿಸಿ ಅಂಟಿಸಿ ಅದರ ಮೇಲೆ ಗೆರೆ ಎಳೆದರು. ರಕ್ತದ ವಂಶಾವಳಿ ನೀಲಿ ಶಾಯಿಯಲ್ಲಿ, ಹಾಲಿನದು ಕೆಂಪಿನಲ್ಲಿ. ಕೆಂಪು ಗೆರೆಗಳೆಲ್ಲ ಮೇಲೆ ಒಂದೇ ಕಡೆ ಹೋಗಿ ಕೂಡಿದವು. ಅಲ್ಲಿ ಅವರು ‘ಬಂಗಾರವ್ವ’ ಎಂದು ಬರೆದರು. ಗಂಟು ಬಂದ ಮೂವತ್ತೆರಡೂ ಇಲಿಗಳು ಕೆಂಪು ಗೆರೆಯ ಕೆಳಗೇ ಇದ್ದವು, ಒಂದೂ ತಪ್ಪಿರಲಿಲ್ಲ. ಕೆಂಪು ಮುಟ್ಟದೆ ಉಳಿದ ಪಂಜರಗಳು ಇಪ್ಪತ್ತಮೂರು.

“ಇಪ್ಪತ್ತಮೂರು ಸ್ವಚ್ಛ,” ಅಂದರು ಮೇಡಮ್. ಇನ್ನೊಮ್ಮೆ ಎಣಿಸಿದರು. “ಫ್ರೀಜರಿನ ಭ್ರೂಣಗೋಳ ಮರಿ ಆದ್ರ ಇವುಗೋಳ ಮಗ್ಗಲಿಗೇ ಇಡಬೇಕು. ನಿಮ್ಮ ಆ ಹೊಟ್ಟು ಉಜ್ಜೂ ಕೆಲಸ ಈಗ ನೀವ ಮಾಡಬೇಕು, ಚೆನ್ನಕ್ಕ. ಬರದು ಮಾಡಬೇಕು.” ಆ ಸಂಜೆ ಅವರು ಹೊಟ್ಟಿನವನಿಗೆ ತಾವೇ ಫೋನು ಮಾಡಿ ತಪ್ಪಾಯಿತು, ಬಾ ಅಂದರು.

ಇಪ್ಪತ್ತಮೂರು ಪಂಜರದ ಹಾಲು ನಲವತ್ತೊಂದು ಮಕ್ಕಳಿಗೆ ಸಾಲುವುದಿಲ್ಲ. ಎಲ್ಲರಿಗೂ ಹಂಚಿದರೆ ಯಾರಿಗೂ ಹತ್ತದ ಪ್ರಮಾಣ. ಹನಿ ಕೊಡುವುದು ತೂಕದ ಮೇಲೆ, ಹಗುರಾದ ಮಗುವಿಗೆ ಕಡಿಮೆ ಸಾಕು. ಹಗುರಾದವರಿಂದ ಹಿಡಿದು ಕೊಡುತ್ತ ಬಂದರೆ ಹೆಚ್ಚು ಮಕ್ಕಳಿಗೆ ಸ್ವಚ್ಛ ಹಾಲು ಮುಟ್ಟುತ್ತದೆ ಅಂತ ಆಸ್ಪತ್ರೆಯ ಸಮಿತಿಯವರು ಲೆಕ್ಕ ಹಾಕಿದರು. ಪಟ್ಟಿ ಹದಿಮೂರನೇ ಹೆಸರಿಗೆ, ಹದಿನಾಲ್ಕು ಕಿಲೋಗೆ ನಿಂತಿತು. ನಮ್ಮ ಶಾಲೂ ಹತ್ತೊಂಬತ್ತು. ತುಪ್ಪ ಹಾಕಿ, ಶೇಂಗಾ ಹೋಳಿಗೆ ತಿನ್ನಿಸಿ, ಕಥೆ ಹೇಳಿ ಒಂದೊಂದು ತುತ್ತು ಬಾಯಿಗಿಟ್ಟು ಏರಿಸಿದ ಕಿಲೋಗಳವು.

ಆಸ್ಪತ್ರೆಯ ಸಭಾಂಗಣದಲ್ಲಿ ತಾಯಿತಂದೆಯರ ಸಭೆ ಕರೆದರು. ಮೇಡಮ್ ಮೈಕು ಬೇಡವೆಂದು ನಿಂತೇ ಮಾತಾಡಿದರು. ಹದಿಮೂರು ಸಣ್ಣ ಮಕ್ಕಳಿಗೆ ಸ್ವಚ್ಛ ಹಾಲು. ಉಳಿದ ಇಪ್ಪತ್ತೆಂಟು ಮಕ್ಕಳ ಮುಂದೆ ಎರಡು ದಾರಿ: ಹನಿ ನಿಲ್ಲಿಸುವುದು, ಇಲ್ಲವೇ ಗಂಟು ಇನ್ನೂ ಬರದ ಕೆಂಪು ಗೆರೆಯ ಇಲಿಗಳ ಹಾಲು ತೆಗೆದುಕೊಳ್ಳುವುದು.

“ಸೋಸಿ ತಗೀಲಿಕ್ಕೆ ಬರೂದಿಲ್ಲೇನ್ರಿ ಆ ವೈರಸ್?” ಒಬ್ಬ ತಂದೆ ಕೇಳಿದ.

“ಅದನ್ನ ತಡಿಯೂವಷ್ಟು ಸಣ್ಣ ಜರಡಿ ಹಾಕಿದ್ರ ಔಷಧಾನೂ ಅದರಾಗ ನಿಂದರತೈತಿ. ಕಾಸಿದ್ರ ಔಷಧ ಕೆಡತೈತಿ.”

“ಮನುಷ್ಯಾರಿಗೆ ಹತ್ತತೈತೇನ್ರಿ?”

“ಹತ್ತೂದಿಲ್ಲ ಅನ್ನಾಕ ನನ್ನ ಕಡೆ ಪುರಾವೆ ಇಲ್ಲ. ಹತ್ತತೈತಿ ಅನ್ನಾಕೂ ಇಲ್ಲ. ಈ ಇಲಿಗೋಳ ಮೈಯಾಗ ಮನುಷ್ಯರ ಜೀನು ಐತಿ, ಎರಡು ವರ್ಷ ವೈರಸ್ ಅದರ ಜೋಡಿ ಇದ್ದೈತಿ. ಅದಕ್ಕ ನನಗ ಅಂಜಿಕಿ. ಇಷ್ಟು ದಿನಾ ನಿಮ್ಮ ಮಕ್ಕಳಿಗೆ ಎಷ್ಟು ಹೋಗೈತಿ, ಅದೂ ಗೊತ್ತಿಲ್ಲ. ಹೆಚ್ಚು ಹೋದಂಗ ಅಪಾಯ ಹೆಚ್ಚು. ಹತ್ತಿದ್ರೂ ತಿಳಿಯಾಕ ಇಪ್ಪತ್ತು, ಮೂವತ್ತು ವರ್ಷ ಬೇಕಾದೀತು.”

ಯಾರಿಂದ ಹೀಗಾಯಿತು ಎಂದು ಕೇಳಿದ್ದಕ್ಕೆ, ಪ್ರಾಣಿಮನೆಯ ಸಿಬ್ಬಂದಿಯಿಂದ ತಪ್ಪಾಗಿದೆ, ವಿಚಾರಣೆ ನಡೆದಿದೆ ಅಂದರು. ನಾನು ಎದ್ದು ನಿಲ್ಲಲು ಹೋದೆ. ಮೇಡಮ್ ಕಣ್ಣಲ್ಲೇ ಕೂರು ಅಂದರು. ನನ್ನ ಪಕ್ಕದಲ್ಲಿ ಕಸ್ತೂರಿ ಕೈಯಲ್ಲಿದ್ದ ಒಪ್ಪಿಗೆಯ ಹಾಳೆಯನ್ನು ಮಡಚುತ್ತ, ಬಿಡಿಸುತ್ತ ಕೂತಿದ್ದಳು. ಸಭೆ ಮುಗಿದ ಮೇಲೆ ಮೇಡಮ್ ಬಾಗಿಲ ಹತ್ತಿರ ನನಗೆ ಮೆಲ್ಲಗೆ ಅಂದರು, “ಮೊದಲ ಮಗಳಿಗೆ ಹೇಳ್ರಿ. ಆಕಿ ಮಂದಿ ಬಾಯಿಂದ ಕೇಳಬಾರದು.”

ಮರುದಿನ ಮುಂಜಾನೆ ಕಸ್ತೂರಿ ರೊಟ್ಟಿ ಬಡಿಯುತ್ತಿದ್ದಳು. ಶಾಲೂ ಒಳಗೆ ಮಲಗಿದ್ದಳು. ಅವಳ ಹನಿ ತಪ್ಪಿ ಹದಿನೈದು ದಿನವಾಗಿತ್ತು. ಹಳೆಯ ಔಷಧವೂ ಅದೇ ಬೆರಕೆ ಹಾಲಿನದೆಂದು ಮೇಡಮ್ ಅದನ್ನೂ ತಡೆದಿದ್ದರು. ಕತ್ತು ಆಗಲೇ ಒಂದು ಕಡೆ ವಾಲತೊಡಗಿತ್ತು, ದಿಂಬಿಗೆ ದಿಂಬು ಕೊಟ್ಟು ಕೂರಿಸಬೇಕಾಗಿತ್ತು.

“ಯಾವ ಮುಂಡೇದವರು ಮಾಡ್ಯಾರೋ,” ಅಂದಳು ಕಸ್ತೂರಿ ಹಿಟ್ಟಿಗೆ ನೀರು ಚಿಮುಕಿಸುತ್ತ. “ಸಿಕ್ರ ಕೇಳತಿದ್ದೆ. ನಿನ್ನ ಕೈ ಕೆಳಗಿನವರ ಇರಬೇಕಲ್ಲ, ಹೆಸರು ಹೇಳವಾ.”

“ನಾನ,” ಅಂದೆ.

ಬಡಿಯುತ್ತಿದ್ದ ಕೈ ನಿಂತಿತು. ಅವಳು ತಿರುಗಲಿಲ್ಲ. ನಾನು ಎಲ್ಲ ಹೇಳಿದೆ. ಹಂಚಿನ ಮೇಲಿದ್ದ ರೊಟ್ಟಿ ಸುಟ್ಟು ಹೊಗೆ ಎದ್ದಿತು, ಇಬ್ಬರೂ ತೆಗೆಯಲಿಲ್ಲ.

“ಇಲಿ ಮರಿ ಮ್ಯಾಲ ಕರುಣಾ ಬಂತು ನಿನಗ,” ಅಂದಳು ಕೊನೆಗೆ.

ಹೌದು ಅನ್ನಬಹುದಿತ್ತು. ಮೇಡಮ್ಮರಿಗೂ ಹಾಗೇ ಹೇಳಿದ್ದೆ, ಎರಡು ವರ್ಷ ನನಗೆ ನಾನೂ ಹಾಗೇ ಹೇಳಿಕೊಂಡಿದ್ದೆ. ಹೊಟ್ಟೆಯೊಳಗಿದ್ದ ಇನ್ನೊಂದು ಮಾತನ್ನು ಮಗಳ ಬೆನ್ನಿಗೆ ಹೇಳುವುದು ಸುಲಭವಾಯಿತು.

“ಕರುಣಾನೂ ಬಂದಿತ್ತು. ಆದ್ರ ಆ ತಿಂಗಳ ಶಾಲೂಗ ರೋಗ ಐತಿ ಅಂತ ಗೊತ್ತಾಗಿತ್ತು, ನೆನಪಿಲ್ಲೇನು? ದವಾಖಾನ್ಯಾಗ ಇಟ್ಟಿದ್ವಿ. ಹೊಸಬರಿಗೆ ಹನಿ ಸಾಲೂದಿಲ್ಲ, ಕಾಯಬೇಕು ಅಂದಿದ್ರು. ಆ ಒಂದೊಂದು ಮರಿ ಬೆಳದ್ರ ಒಂದೊಂದು ಹಾಲು ಕೊಡೂ ತಾಯಿ. ಹೆಂಗ ಡಬ್ಬಿಗೆ ಹಾಕಲಿ ಕಸ್ತೂರಿ? ನನಗ ಮರಿ ಕಾಣಲಿಲ್ಲ. ನಮ್ಮ ಕೂಸ ಕಂಡ್ಲು.”

ಕಸ್ತೂರಿ ಕುಸಿದು ಕೂತಳು. ಹಿಟ್ಟಿನ ಕೈಯಲ್ಲೇ ಮುಖ ಮುಚ್ಚಿಕೊಂಡು ಅತ್ತಳು. ನಾನು ಮುಟ್ಟಲು ಹೋದೆ, ತಳ್ಳಿದಳು. ಆ ತಳ್ಳು ನನಗೆ ಸಲ್ಲತಕ್ಕದ್ದೇ. ಎಷ್ಟೋ ಹೊತ್ತಿನ ಮೇಲೆ ಒಳಗಿನಿಂದ ಶಾಲೂ “ಯವ್ವಾ, ನೀರು” ಅಂದಳು. ಆ ದನಿ ಎರಡು ಪದಕ್ಕೆ ಎರಡು ಸಲ ನಿಂತು ಬಂತು. ಕಸ್ತೂರಿ ಎದ್ದು ನೀರು ಕುಡಿಸಿ ಬಂದಳು. ಬಂದವಳ ಮುಖದಲ್ಲಿ ಹಿಟ್ಟು ಹಾಗೇ ಅಂಟಿಕೊಂಡಿತ್ತು.

“ಎಲ್ಲ್ಯಾರ ಬರದಿಟ್ಟಿದ್ದೇನು ಆವಾಗ?”

“ಇಲ್ಲ.”

ಅವಳು ಕಪಾಟಿನಿಂದ ಅಂಚೆ ಕಚೇರಿಯ ಒಂದು ಉದ್ದನೆಯ ಖಾಲಿ ಪುಸ್ತಕ ತೆಗೆದು ನನ್ನ ಮುಂದೆ ಇಟ್ಟಳು, ಮೇಲೊಂದು ಪೆನ್ನು.

“ಈಗ ಬರಿ. ಯಾವ ದಿನಾ, ಯಾವ ಪಂಜರದ್ದು, ಎಷ್ಟು. ಹಿಂದಿಂದೂ ನೆನಪಿದ್ದಷ್ಟು ಬರಿ. ನಮ್ಮಾಕಿದಷ್ಟ ಅಲ್ಲ, ಎಲ್ಲಾ ಹುಡುಗೂರದೂ ಬರಿ. ನಾಳೆ ಇವರು ದೊಡ್ಡವರಾಗತಾರ, ನೀ ಇರೂದಿಲ್ಲ, ನಾನೂ ಇರತೀನೋ ಇಲ್ಲೋ. ಎದ್ಯಾಗ ಗಂಟು ಹತ್ತಿದ್ರ ಡಾಕ್ಟರಿಗೆ ತೋರಿಸಾಕ ಏನರ ಬೇಕಲ್ಲ. ಶಾಲೂ ಒಂದು ಕೂಸು ಹಡದ್ರ, ಅದಕ್ಕ ಹಾಲು ಕುಡಸೂಕಿಂತ ಮೊದಲ ಇದನ್ನ ಓದಬೇಕು.” ಒಪ್ಪಿಗೆಯ ಹಾಳೆಗೆ ಅವಳು ಅಲ್ಲೇ ನಿಂತು ಸಹಿ ಹಾಕಿದಳು. “ಸೂಜಿ ನೀನ ಹಾಕು. ನನ್ನ ಕೈಲೆ ಆಗೂದಿಲ್ಲ.”

ಈಗ ಹಾಲನ್ನು ಒಂದೇ ಪಾತ್ರೆಗೆ ಸುರಿಯುವುದಿಲ್ಲ. ಪಂಜರ ಪಂಜರಕ್ಕೆ ಬೇರೆ ಸೀಸೆ, ಸೀಸೆಗೆ ನಂಬರು, ನಂಬರಿಗೆ ಮಗುವಿನ ಹೆಸರು. ವಿಚಾರಣೆ ಮುಗಿಯುವತನಕ ನನ್ನನ್ನು ಕೆಲಸದಲ್ಲಿ ಇಟ್ಟುಕೊಂಡಿದ್ದಾರೆ, ನನ್ನ ಕೈಗೆ ಬರುವಷ್ಟು ಹಾಲು ಬೇರೆಯವರ ಕೈಗೆ ಬರುವುದಿಲ್ಲ ಎಂಬ ಒಂದೇ ಕಾರಣಕ್ಕೆ. ಬೆಳಿಗ್ಗೆ ಸ್ವಚ್ಛ ಇಪ್ಪತ್ತಮೂರನ್ನು ಕರೆದು ಕೈ ತೊಳೆದು, ಕೋಟು ಬದಲಿಸಿ, ಆಮೇಲೆ ಕೆಂಪು ಗೆರೆಯವನ್ನು ಕರೆಯುತ್ತೇನೆ. ಪ್ರತಿಯೊಂದರ ಎದೆಯನ್ನೂ ಬೆರಳಿನಿಂದ ತಡವಿ ನೋಡುತ್ತೇನೆ.

ಗುರುವಾರ ಶಾಲೂವಿನ ಹೆಸರಿನ ಸೀಸೆಯನ್ನು ಐಸಿನ ಡಬ್ಬಿಯಲ್ಲಿಟ್ಟು ಮನೆಗೆ ತಂದೆ. ಎಂಬತ್ತಾರನೇ ಪಂಜರದ್ದು. ಬೆಳಿಗ್ಗೆ ತಾನೇ ಅವಳನ್ನು ಅಂಗೈಯಲ್ಲಿ ಹಿಡಿದಿದ್ದೆ. ಕಚ್ಚಲಿಲ್ಲ, ಒದರಲಿಲ್ಲ, ಹನ್ನೆರಡು ಹನಿ ಕೊಟ್ಟಳು. ಗಂಟು ಇರಲಿಲ್ಲ, ಅಥವಾ ನನ್ನ ಬೆರಳಿಗೆ ಇನ್ನೂ ಸಿಕ್ಕಿರಲಿಲ್ಲ.

ಕಸ್ತೂರಿ ಮಗುವನ್ನು ತೊಡೆಯ ಮೇಲೆ ಒರಗಿಸಿಕೊಂಡು ತಲೆಯನ್ನು ತನ್ನ ಎದೆಗೆ ಆನಿಸಿ ಹಿಡಿದಿದ್ದಳು. ತೂಕದ ಯಂತ್ರ ಮಂಚದ ಕೆಳಗೆ ಹೋಗಿತ್ತು. ನಾನು ಸೀಸೆಯಿಂದ ಔಷಧ ಎಳೆದೆ, ಗುಳ್ಳೆ ತೆಗೆದೆ. ಶಾಲೂ ಕಷ್ಟಪಟ್ಟು ಕಣ್ಣು ನನ್ನ ಕಡೆ ಹೊರಳಿಸಿದಳು.

“ಆಯಿ, ಇವತ್ತ... ಯಾರ್ದು?”

ಎರಡು ವರ್ಷದಲ್ಲಿ ಮೊದಲ ಸಲ ಆ ಪ್ರಶ್ನೆಗೆ ನನ್ನ ಹತ್ತಿರ ನಿಜವಾದ ಉತ್ತರವಿತ್ತು. ಕಸ್ತೂರಿ ನನ್ನನ್ನೇ ನೋಡುತ್ತಿದ್ದಳು.

“ಬಂಗಾರವ್ವನ ಮೊಮ್ಮಗಳದು,” ಅಂದೆ.

“ಬಂಗಾರವ್ವ... ಛಲೋ ಇದ್ಲಾ?”

“ಛಲೋ ಇದ್ಲು ಕೂಸ. ಯಾರ ಮರಿ ಬಂದ್ರೂ ಹಾಲು ಕೊಡತಿದ್ಲು.”

ಶಾಲೂ ತೊಡೆಯನ್ನು ತಾನಾಗಿ ಮುಂದೆ ಮಾಡಲು ನೋಡಿದಳು, ಕಾಲು ಅಲುಗಲಿಲ್ಲ. ಕಸ್ತೂರಿ ಲಂಗ ಸರಿಸಿ ಕೊಟ್ಟಳು. ನಾನು ಸೂಜಿ ಚುಚ್ಚಿ, ಪೂರ್ತಿ ಇಳಿಯುವತನಕ ಹಿಡಿದು, ಹತ್ತಿ ಒತ್ತಿದೆ. ಆಮೇಲೆ ಆ ಉದ್ದನೆಯ ಪುಸ್ತಕ ತೆಗೆದು ತೊಡೆಯ ಮೇಲಿಟ್ಟುಕೊಂಡೆ. ಕಸ್ತೂರಿ ಗೋಡೆಯ ಗಡಿಯಾರ ನೋಡಿ ರಾತ್ರಿ ಹತ್ತು ಗಂಟೆ ಇಪ್ಪತ್ತು ನಿಮಿಷ ಅಂದಳು, ನಾನು ಬರೆದುಕೊಂಡೆ.